ಡಯಾಲಿಸಿಸ್ ರೋಗಿಯ ಮನೆಗೆ ಹೆಪಟೈಟಿಸ್ ಬಂದಾಗ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತವನ್ನು ಕೆಲವು ತಿಂಗಳಿಗೊಮ್ಮೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳಿಗಾಗಿ ಪರೀಕ್ಷಿಸುವ ಪದ್ಧತಿಯಿದೆ. ಪ್ರತಿ ಸಲವೂ ‘ನಾನ್ ರಿಯಾಕ್ಟಿವ್’ (ಸೋಂಕಿನ ಗುರುತಿಲ್ಲ) ಎಂದೇ ಬರುತ್ತಿದ್ದ ವರದಿಯಲ್ಲಿ ಒಮ್ಮೆ ಬರಿಯ ‘ರಿಯಾಕ್ಟಿವ್’ ಎಂದು ಬಂದರೆ, ಆ ಮನೆಯಲ್ಲಿ ಸಂಜೆಯೊಳಗೆ ತಟ್ಟೆ, ಲೋಟ, ಹಾಸಿಗೆಗಳು ಬೇರೆಯಾಗುತ್ತವೆ. ನನ್ನ ಅಣ್ಣನ ಮನೆಯಲ್ಲಿಯೂ ಹಾಗೆಯೇ ಆಯಿತು. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿಗಳು ಸೋತು, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ ಅವನಿಗೆ ಹೆಪಟೈಟಿಸ್ ಸಿ ತಗುಲಿದೆ ಎಂದು ತಿಳಿದಾಗ, ಕೇಂದ್ರದವರು ಇನ್ನು ಮುಂದೆ ಬೇರೆ ಯಂತ್ರಕ್ಕೆ ಹಾಕುತ್ತೇವೆ ಎಂದರೇ ಹೊರತು, ಮನೆಯವರು ಏನು ಮಾಡಬೇಕು, ಏನು ಮಾಡಬೇಕಾಗಿಲ್ಲ ಎಂಬುದನ್ನು ಹೇಳಲಿಲ್ಲ. ಆ ಕೆಲಸವನ್ನು ನೆಂಟರಿಷ್ಟರು ವಹಿಸಿಕೊಂಡರು. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಅಣ್ಣನ ಫೈಲು ಹಿಡಿದು ಕಿಡ್ನಿ ತಜ್ಞರ ಬಳಿಗೂ ಲಿವರ್ ತಜ್ಞರ ಬಳಿಗೂ ಓಡಾಡಿದ್ದರಿಂದ, ಜೊತೆಗೆ ಸಿಕ್ಕಿದ್ದನ್ನೆಲ್ಲ ಕುಳಿತು ಓದಿದ್ದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಇಂಥ ಮನೆಗಳಲ್ಲಿ ನಾವು ಅಪಾಯವಿಲ್ಲದ ಕಡೆ ಬೇಲಿ ಹಾಕಿ, ಅಪಾಯವಿರುವ ಕಡೆಯನ್ನು ಹಾಗೆಯೇ ತೆರೆದು ಬಿಡುತ್ತೇವೆ.

ತಟ್ಟೆ ಬೇರೆ ಮಾಡುವ ಯೋಚನೆ ಎಲ್ಲಿಂದ ಬಂತು ಎಂಬುದು ಊಹೆಗೆ ನಿಲುಕದ ವಿಷಯವಲ್ಲ. ನಮ್ಮ ಊರುಗಳಲ್ಲಿ ಜನರು ಕಂಡಿರುವ ಕಾಮಾಲೆ ಹೆಚ್ಚಾಗಿ ನೀರಿನಿಂದ, ಊಟದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ. 1955–56ರಲ್ಲಿ ದೆಹಲಿಯಲ್ಲಿ ಯಮುನೆಯ ನೀರಿಗೆ ಚರಂಡಿಯ ನೀರು ಸೇರಿ ಸಾವಿರಾರು ಜನರಿಗೆ ಬಂದ ಕಾಮಾಲೆಯೂ ಹೆಪಟೈಟಿಸ್ ಇ ಆಗಿತ್ತೆಂದು ಎಷ್ಟೋ ವರ್ಷಗಳ ನಂತರ ಗೊತ್ತಾಯಿತು. ಅಂಥ ಕಾಯಿಲೆಯಲ್ಲಿ ಕುಡಿಯುವ ನೀರಿನ ಬಗ್ಗೆ, ಕೈ ತೊಳೆಯುವುದರ ಬಗ್ಗೆ ಎಚ್ಚರ ವಹಿಸುವುದು ಸರಿಯಾದದ್ದೇ. ಆದರೆ ಡಯಾಲಿಸಿಸ್ ರೋಗಿಗಳ ವರದಿಯಲ್ಲಿ ಬರುವ ಬಿ ಮತ್ತು ಸಿ ರಕ್ತದ ಸೋಂಕುಗಳು. ಜೊತೆಯಲ್ಲಿ ಕುಳಿತು ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಒಂದೇ ಬಚ್ಚಲು ಬಳಸಿದರೆ ಅವು ಹರಡುವುದಿಲ್ಲ. ಅಣ್ಣನ ತೊಡೆಯ ಮೇಲೆ ಮೊಮ್ಮಗು ಕೂರುವುದನ್ನು ತಡೆದದ್ದರಿಂದ ಮಗುವಿಗೆ ಯಾವ ರಕ್ಷಣೆಯೂ ಸಿಗಲಿಲ್ಲ, ಅಣ್ಣನಿಗೆ ಮಾತ್ರ ಊಟ ಸೇರದಂತಾಯಿತು.

ಹಾಗೆಂದು ಇವು ಹಗುರವಾಗಿ ತೆಗೆದುಕೊಳ್ಳುವ ಸೋಂಕುಗಳೂ ಅಲ್ಲ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಲೆಯಲ್ಲಿಯೂ, ಕನಿಷ್ಠ 7 ದಿನ ಜೀವ ಹಿಡಿದುಕೊಂಡಿರುತ್ತದೆ. ಸೋಂಕಿರುವ ರಕ್ತದ ಸೂಜಿ ಒಮ್ಮೆ ಚುಚ್ಚಿದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30ರಷ್ಟಿದೆ; ಹೆಪಟೈಟಿಸ್ ಸಿಯಲ್ಲಿ ಅದು ನೂರಕ್ಕೆ 2ಕ್ಕಿಂತ ಕಡಿಮೆ; ನಾವೆಲ್ಲ ಇವೆರಡಕ್ಕಿಂತ ಹೆಚ್ಚು ಹೆದರುವ ಎಚ್‌ಐವಿಯಲ್ಲಿ ಸಾವಿರಕ್ಕೆ 3ರಷ್ಟು. ಹೀಗಾಗಿ ಬಿ ಮತ್ತು ಸಿಯನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾದರೂ ಮನೆಯ ಮಟ್ಟಿಗೆ ಅವುಗಳ ಲೆಕ್ಕ ಬೇರೆ ಬೇರೆ. ಬಿ ಸುಲಭವಾಗಿ ದಾಟುತ್ತದೆ, ಆದರೆ ಅದಕ್ಕೆ ಒಳ್ಳೆಯ ಲಸಿಕೆಯಿದೆ. ಸಿ ಅಷ್ಟು ಸುಲಭವಾಗಿ ದಾಟುವುದಿಲ್ಲ, ಅದಕ್ಕೆ ಲಸಿಕೆಯಿಲ್ಲ, ಆದರೆ ಪೂರ್ತಿ ಗುಣವಾಗುವ ಔಷಧಿಯಿದೆ.

ಡಯಾಲಿಸಿಸ್‌ಗೂ ಹೆಪಟೈಟಿಸ್‌ಗೂ ಇರುವ ನಂಟು ಹಳೆಯದು. ಈ ಚಿಕಿತ್ಸೆ ದೊಡ್ಡ ಪ್ರಮಾಣದಲ್ಲಿ ಶುರುವಾದ 1960ರ ದಶಕದಲ್ಲಿಯೇ ಅಮೆರಿಕ, ಯೂರೋಪುಗಳ ಘಟಕಗಳಲ್ಲಿ ಹೆಪಟೈಟಿಸ್ ಬಿ ಮತ್ತೆ ಮತ್ತೆ ಹಬ್ಬಿತು. 1969–70ರಲ್ಲಿ ಎಡಿನ್‌ಬರೋದ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೆ ಸಿಬ್ಬಂದಿಯೂ ಸತ್ತ ಮೇಲೆ, ಬ್ರಿಟನ್ 1972ರಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ರೂಪಿಸಿತು. ಕಾರಣ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ನಾಲ್ಕು ಗಂಟೆಗಳ ಒಂದು ಸರದಿಯಲ್ಲಿ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ದೇಹದಿಂದ ಹೊರಗೆ ಬಂದು ಮರಳುತ್ತದೆ. ಪಕ್ಕಪಕ್ಕದಲ್ಲಿ ಹಲವರು ಮಲಗಿರುತ್ತಾರೆ. ಒಬ್ಬರ ಫಿಸ್ಟುಲಾಕ್ಕೆ, ಅಂದರೆ ಡಯಾಲಿಸಿಸ್‌ಗೆಂದು ತೋಳಿನಲ್ಲಿ ಜೋಡಿಸಿದ ರಕ್ತನಾಳಕ್ಕೆ, ಸೂಜಿ ಹಾಕಿದ ಕೈಯೇ ಇನ್ನೊಬ್ಬರ ಯಂತ್ರದ ಗುಂಡಿಯನ್ನು ಒತ್ತುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿಯನ್ನು ಒಂದೇ ಸೀಸೆಯಿಂದ ಹಲವರಿಗೆ ಎಳೆಯುವುದು, ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಕೈಗವಸು ಬದಲಿಸದಿರುವುದು, ಕುರ್ಚಿಯನ್ನೂ ಯಂತ್ರದ ಮೈಯನ್ನೂ ಸರಿಯಾಗಿ ಒರೆಸದಿರುವುದು, ಇವೇ ಮುಖ್ಯ ದಾರಿಗಳು. ಹೆಪಟೈಟಿಸ್ ಬಿ ಇರುವವರಿಗೆ ಪ್ರತ್ಯೇಕ ಯಂತ್ರ, ಪ್ರತ್ಯೇಕ ಕೋಣೆ ಇರಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಸಿ ಇರುವವರಿಗೆ ಬೇರೆ ಯಂತ್ರದ ಅಗತ್ಯವಿಲ್ಲ, ಕೈಗವಸು ಮತ್ತು ಶುಚಿತ್ವದ ಶಿಸ್ತೇ ಮುಖ್ಯ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆಯಾದರೂ ನಮ್ಮ ಅನೇಕ ಕೇಂದ್ರಗಳು ಬೇರೆ ಯಂತ್ರವನ್ನೇ ಇಡುತ್ತವೆ. ಒಬ್ಬ ತಂತ್ರಜ್ಞ ಆರೇಳು ಜನರನ್ನು ನೋಡಿಕೊಳ್ಳುವ ಕಡೆ ಅದು ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ, ಆದರೆ ಬೇರೆ ಯಂತ್ರವಿದೆ ಎಂಬ ಧೈರ್ಯದಲ್ಲಿ ಕೈಗವಸು ಬದಲಿಸುವುದು ತಪ್ಪಬಾರದು.

ಈಗ ಮನೆಯ ವಿಚಾರಕ್ಕೆ ಬರುತ್ತೇನೆ. ಡಯಾಲಿಸಿಸ್ ಆದ ದಿನ ರೋಗಿಯ ದೇಹದಲ್ಲಿ ಹೆಪಾರಿನ್ ಪ್ರಭಾವ ಇನ್ನೂ ಸ್ವಲ್ಪ ಇರುತ್ತದೆ. ಬಸ್ಸಿನಲ್ಲಿ ಕೈ ಎತ್ತಿ ಕಂಬಿ ಹಿಡಿದರೂ ಸಾಕು, ಫಿಸ್ಟುಲಾದ ಸೂಜಿ ಗುರುತಿನಿಂದ ರಕ್ತ ಜಿನುಗಿ ಅಂಗಿಯ ತೋಳು ನೆನೆಯುತ್ತದೆ. ರಾತ್ರಿ ದಿಂಬಿನ ಮೇಲೆ, ಹೊದಿಕೆಯ ಮೇಲೆ ಕಲೆ ಬೀಳುತ್ತದೆ. ಹಲ್ಲುಜ್ಜಿದಾಗ ಒಸಡಿನಿಂದ ರಕ್ತ ಬರುವುದು ಈ ರೋಗಿಗಳಲ್ಲಿ ಅಪರೂಪವಲ್ಲ. ಆದ್ದರಿಂದ ಬೇರೆಯಾಗಬೇಕಾದ ವಸ್ತುಗಳು ಅಡುಗೆಮನೆಯಲ್ಲಿ ಇಲ್ಲ, ಬಚ್ಚಲುಮನೆಯ ಗೂಡಿನಲ್ಲಿವೆ: ಹಲ್ಲುಜ್ಜುವ ಬ್ರಷ್, ಕ್ಷೌರದ ರೇಜರ್, ಟ್ರಿಮ್ಮರ್, ಉಗುರು ಕತ್ತರಿಸುವ ಕಟ್ಟರ್. ಅಪ್ಪ ಮಗ ಇಬ್ಬರೂ ಒಂದೇ ರೇಜರ್ ಬಳಸುವ ಮನೆಗಳು ಬಹಳ ಇವೆ. ಇನ್ನು ನೇಲ್ ಕಟ್ಟರ್ ಎಂಬುದು ಮನೆಗೆ ಒಂದೇ ಇರಬೇಕಾದ ವಸ್ತು ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಂತಿದೆ. ಹೆಂಗಸರ ಬಳೆಯಲ್ಲೋ ಸರದಲ್ಲೋ ಸಿಕ್ಕಿಸಿಕೊಂಡಿರುವ ಪಿನ್ನು ಇನ್ನೊಂದು. ಅಂಗಾಲಿಗೆ ಮುಳ್ಳು ಚುಚ್ಚಿಕೊಂಡವರು ಯಾರೇ ಆಗಲಿ, ಅದೇ ಪಿನ್ನಿನಿಂದ ಮುಳ್ಳು ತೆಗೆದು, ಸೆರಗಿಗೆ ಒರೆಸಿ, ಮತ್ತೆ ಬಳೆಗೆ ಸಿಕ್ಕಿಸುವುದು ನಮ್ಮಲ್ಲಿ ದಿನನಿತ್ಯದ ಮಾತು. ತಟ್ಟೆಯನ್ನು ಕುದಿಯುವ ನೀರಿನಲ್ಲಿ ತೊಳೆಯುತ್ತಿದ್ದ ಅತ್ತಿಗೆಗೆ ಈ ಪಿನ್ನಿನ ಮಾತು ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟರು.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಸಕ್ಕರೆ ನೋಡುವ ಗ್ಲೂಕೋಮೀಟರ್. ಡಯಾಲಿಸಿಸ್‌ಗೆ ಬರುವವರಲ್ಲಿ ಬಹಳ ಜನರ ಕಿಡ್ನಿ ಹೋಗಿರುವುದು ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದಿಂದ. ಸಕ್ಕರೆ ಕಾಯಿಲೆ ಮನೆಯಲ್ಲಿ ಒಬ್ಬರಿಗೇ ಇರುವುದು ಕಡಿಮೆ. ಅಣ್ಣನ ಮನೆಯಲ್ಲಿ ಅವನಿಗೂ ನಮ್ಮ ತಾಯಿಗೂ ಸೇರಿ ಒಂದೇ ಮೀಟರ್, ಬೆರಳು ಚುಚ್ಚುವ ಒಂದೇ ಪೆನ್ನು, ಅದರೊಳಗಿನ ಒಂದೇ ಲ್ಯಾನ್ಸೆಟ್ ಸೂಜಿ, ಅದೂ ಮೊಂಡಾಗುವವರೆಗೆ. ಪಕ್ಕದ ಮನೆಯವರು ‘ನಂದೂ ಒಂಚೂರು ನೋಡಿ’ ಎಂದು ಬೆರಳು ಚಾಚುವುದೂ ಇತ್ತು. ಅಮೆರಿಕದ ವೃದ್ಧಾಶ್ರಮಗಳಲ್ಲಿ ಹೆಪಟೈಟಿಸ್ ಬಿ ಹಬ್ಬಿದ ಅನೇಕ ಪ್ರಕರಣಗಳ ಮೂಲ ಹುಡುಕಿದಾಗ ಸಿಕ್ಕಿದ್ದು ಹೀಗೆ ಹಲವರು ಹಂಚಿಕೊಂಡ ಬೆರಳು ಚುಚ್ಚುವ ಸಾಧನವೇ. ಸೂಜಿ ಬದಲಿಸಿದರೂ ಪೆನ್ನಿನ ಮೂತಿಯಲ್ಲಿ ರಕ್ತದ ಅಂಶ ಉಳಿಯಬಹುದಾದ್ದರಿಂದ ಪ್ರತಿಯೊಬ್ಬರಿಗೂ ಅವರದೇ ಪೆನ್ನು ಇರಬೇಕು. ಇನ್ಸುಲಿನ್ ಪೆನ್ನಿನದೂ ಇದೇ ಕಥೆ. ಚುಚ್ಚಿದಾಗ ರಕ್ತ ಹಿಂದಕ್ಕೆ, ಇನ್ಸುಲಿನ್ ತುಂಬಿದ ಕಾರ್ಟ್ರಿಡ್ಜ್‌ ಒಳಗೆ ಸೇರಬಲ್ಲದು, ಆದ್ದರಿಂದ ಸೂಜಿ ಹೊಸದಾದರೂ ಪೆನ್ನನ್ನು ಇಬ್ಬರು ಬಳಸುವಂತಿಲ್ಲ.

ರಕ್ತ ಚೆಲ್ಲಿದಾಗ ಬರಿಗೈಯಲ್ಲಿ ಒರೆಸಬಾರದು. ಕೈಗವಸು ಹಾಕಿಕೊಂಡು, ಹಳೆಯ ಬಟ್ಟೆ ಅಥವಾ ಕಾಗದದಿಂದ ಅದನ್ನು ಮುಚ್ಚಿ, ಮನೆಬಳಕೆಯ ಬ್ಲೀಚ್ ದ್ರವ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರ ಮೇಲೆ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಬೇಕು. ಫಿನಾಯಿಲ್ ವಾಸನೆ ಬಂದ ಮಾತ್ರಕ್ಕೆ ವೈರಾಣು ಸತ್ತಿದೆ ಎಂದು ಭಾವಿಸುವಂತಿಲ್ಲ. ರಕ್ತವಾದ ಹತ್ತಿ, ಪಟ್ಟಿಗಳನ್ನು ಕವರಿನಲ್ಲಿ ಕಟ್ಟಿ, ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಪ್ರತ್ಯೇಕವಾಗಿ ಕೊಡಬೇಕು. ಸೂಜಿಗಳನ್ನು ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಡಯಾಲಿಸಿಸ್‌ಗೆ ಹೋದಾಗ ಅಲ್ಲಿಯೇ ಒಪ್ಪಿಸುವುದು ಒಳ್ಳೆಯದು. ಇದು ಮನೆಯವರ ರಕ್ಷಣೆಯ ಪ್ರಶ್ನೆ ಮಾತ್ರವಲ್ಲ. ಹಸಿಕಸದಲ್ಲಿ ಸೇರಿದ ಸೂಜಿ ಚುಚ್ಚುವುದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ, ಅವರಿಗೆ ಯಾರ ಮನೆಯ ಸೂಜಿ ಎಂಬುದೂ ತಿಳಿಯುವುದಿಲ್ಲ. ಮನೆಯಲ್ಲಿಯೇ ಹೊಟ್ಟೆಯ ಮೂಲಕ ಪೆರಿಟೋನಿಯಲ್ ಡಯಾಲಿಸಿಸ್ ಮಾಡಿಕೊಳ್ಳುವವರ ಚೀಲದಿಂದ ಹೊರಬರುವ ದ್ರವದಲ್ಲಿಯೂ ವೈರಾಣು ಇರಬಹುದಾದ್ದರಿಂದ, ಅದನ್ನು ಸಿಡಿಯದಂತೆ ಶೌಚಾಲಯಕ್ಕೇ ಸುರಿಯಬೇಕು, ಬಟ್ಟೆ ಒಗೆಯುವ ಕಲ್ಲಿನ ಬಳಿ ಅಲ್ಲ.

ಇಷ್ಟೆಲ್ಲ ಮಾಡಿದರೂ ಮನೆಯ ಉಳಿದವರ ರಕ್ತಪರೀಕ್ಷೆ ಮಾಡಿಸದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ. ನಾನು ಕಂಡ ಹೆಚ್ಚಿನ ಕುಟುಂಬಗಳಲ್ಲಿ ಬಿಟ್ಟುಹೋಗುವುದು ಇದೇ. ತಟ್ಟೆ ಬೇರೆ ಮಾಡಿದ ಮೇಲೆ ತಮ್ಮ ಪಾಲಿನ ಕರ್ತವ್ಯ ಮುಗಿಯಿತು ಎಂಬ ಸಮಾಧಾನ ಬಂದುಬಿಡುತ್ತದೆ. ಇನ್ನು ಕೆಲವರಿಗೆ ಪರೀಕ್ಷೆ ಎಂದರೆ ರೋಗಿಯ ಮೇಲೆ ಆರೋಪ ಹೊರಿಸಿದಂತೆ ಎನ್ನಿಸುತ್ತದೆ. ಪರೀಕ್ಷೆಯಲ್ಲಿ ಇನ್ನೊಬ್ಬರಿಗೆ ಸೋಂಕು ಕಂಡುಬಂದರೆ ಮೊದಲು ಹುಟ್ಟುವ ಪ್ರಶ್ನೆ ‘ಯಾರಿಂದ ಯಾರಿಗೆ’ ಎಂಬುದು. ಇದಕ್ಕೆ ಅಷ್ಟು ಸುಲಭವಾಗಿ ಉತ್ತರ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು. ಇವರಲ್ಲಿ ಬಹಳ ಮಂದಿಗೆ ತಮಗೆ ಸೋಂಕಿದೆ ಎಂಬುದೇ ತಿಳಿದಿಲ್ಲ. ಬಿ ಇರುವ ರೋಗಿಗೆ ಅದು ಹುಟ್ಟುವಾಗಲೇ ತಾಯಿಯಿಂದ ಬಂದಿದ್ದರೆ, ಅವರ ಅಣ್ಣ, ತಮ್ಮ, ಅಕ್ಕ, ತಂಗಿಯರಲ್ಲಿಯೂ ಅದೇ ಮೂಲದಿಂದ ಬಂದ ಸೋಂಕು ಇರಬಹುದು, ಅದಕ್ಕೂ ಡಯಾಲಿಸಿಸ್‌ಗೂ ಸಂಬಂಧವೇ ಇರುವುದಿಲ್ಲ. ಮನೆಯೊಳಗೇ ದಾಟಿದೆ ಎಂದು ಖಚಿತವಾಗಿ ಹೇಳಬೇಕಾದರೆ ಇಬ್ಬರ ವೈರಾಣುವಿನ ವಂಶವಾಹಿ ರಚನೆಯನ್ನು ಹೋಲಿಸಿ ನೋಡಬೇಕು. ಇಬ್ಬರ ವರದಿಯೂ ಪಾಸಿಟಿವ್ ಎಂಬುದೊಂದೇ ಸಾಕ್ಷಿಯಲ್ಲ. ಕುಟುಂಬದವರಿಗೆ ಆ ತನಿಖೆಯ ಅಗತ್ಯವೂ ಇಲ್ಲ. ಯಾರಿಗೆ ಸೋಂಕಿದೆ, ಯಾರಿಗೆ ಈಗಾಗಲೇ ರಕ್ಷಣೆಯಿದೆ, ಯಾರಿಗೆ ಎರಡೂ ಇಲ್ಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು.

ಡಯಾಲಿಸಿಸ್ ರೋಗಿಗಳಲ್ಲಿ ಈ ಸೋಂಕು ಮುಖ ತೋರಿಸುವುದೂ ಕಡಿಮೆ. ಅವರ ರೋಗನಿರೋಧಕ ಶಕ್ತಿ ಕುಗ್ಗಿರುವುದರಿಂದ ಕಣ್ಣು ಹಳದಿಯಾಗುವಂಥ ಲಕ್ಷಣಗಳು ಹೆಚ್ಚಿನವರಲ್ಲಿ ಕಾಣುವುದಿಲ್ಲ, ಲಿವರ್ ಪರೀಕ್ಷೆಯ ಅಂಕಿಗಳೂ ಉಳಿದವರಷ್ಟು ಏರುವುದಿಲ್ಲ. ಸಿ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ರಕ್ತದಲ್ಲಿ ಕಾಣಿಸಿಕೊಳ್ಳಲು ಎರಡು ತಿಂಗಳಿಗೂ ಹೆಚ್ಚು ಸಮಯ ಹಿಡಿಯುವುದುಂಟು, ವೈರಾಣುವನ್ನೇ ನೇರವಾಗಿ ಹುಡುಕುವ ಆರ್‌ಎನ್‌ಎ ಪರೀಕ್ಷೆಯಲ್ಲಾದರೆ ಒಂದೆರಡು ವಾರಗಳಲ್ಲೇ ತಿಳಿಯುತ್ತದೆ. ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು: ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಎರಡು ಮೂರು ವಾರಗಳ ಒಳಗೆ ಬಿ ಸೋಂಕನ್ನು ಹುಡುಕುವ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿದರೆ ಲಸಿಕೆಯ ಅಂಶವೇ ಸಿಕ್ಕಿ ಸುಳ್ಳು ಪಾಸಿಟಿವ್ ಬರಬಹುದು. ಆದ್ದರಿಂದ ರಕ್ತ ಕೊಡುವ ಮುಂಚೆ ಲಸಿಕೆಯ ದಿನಾಂಕವನ್ನು ಹೇಳಿಬಿಡುವುದು ಕ್ಷೇಮ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೆಪಟೈಟಿಸ್ ಬಿ ವಿಚಾರದಲ್ಲಿ ತಡಮಾಡುವಂತಿಲ್ಲ. ದೊಡ್ಡವರಿಗೆ ಈ ಸೋಂಕು ಬಂದರೆ ನೂರರಲ್ಲಿ 95 ಜನ ತಾವಾಗಿಯೇ ಅದನ್ನು ಗೆದ್ದುಬಿಡುತ್ತಾರೆ. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 25ರಿಂದ 50ರಷ್ಟು ಮಕ್ಕಳಲ್ಲಿ, ನವಜಾತ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಶಿಶುಗಳಲ್ಲಿ ಅದು ಜೀವನಪರ್ಯಂತ ಉಳಿದು, ಮುಂದೆ ಲಿವರ್ ಗಟ್ಟಿಯಾಗಿ ಕೆಡುವ ಸಿರೋಸಿಸ್‌ಗೋ ಲಿವರ್ ಕ್ಯಾನ್ಸರ್‌ಗೋ ದಾರಿಯಾಗಬಲ್ಲದು. ಭಾರತದಲ್ಲಿ ಎಲ್ಲ ರಾಜ್ಯಗಳ ಮಕ್ಕಳಿಗೂ ಈ ಲಸಿಕೆ ಸಿಗತೊಡಗಿದ್ದು 2011ರಿಂದ. ಅಂದರೆ ಇಂದು ಮನೆಯಲ್ಲಿರುವ ಪುಟ್ಟ ಮೊಮ್ಮಕ್ಕಳಿಗೆ ಸಾಮಾನ್ಯವಾಗಿ ಲಸಿಕೆ ಆಗಿರುತ್ತದೆ, ರೋಗಿಯ ಹೆಂಡತಿಗೆ ಅಥವಾ ಗಂಡನಿಗೆ, ಬೆಳೆದ ಮಕ್ಕಳಿಗೆ, ಸೊಸೆಗೆ ಹೆಚ್ಚಾಗಿ ಆಗಿರುವುದಿಲ್ಲ. ರೋಗಿಯ ಹಾಸಿಗೆ ಬಟ್ಟೆ ಒಗೆಯುವವರು, ಫಿಸ್ಟುಲಾದ ಪಟ್ಟಿ ಬಿಚ್ಚುವವರು ಅವರೇ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಚುಚ್ಚುಮದ್ದು ತೆಗೆದುಕೊಂಡರೆ ಆರೋಗ್ಯವಂತರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರಿಗೆ ರಕ್ಷಣೆ ಸಿಗುತ್ತದೆ. ಬಿ ಸೋಂಕು ದಾಂಪತ್ಯದ ಮೂಲಕವೂ ದಾಟುವುದರಿಂದ, ಸಂಗಾತಿಗೆ ಲಸಿಕೆಯ ರಕ್ಷಣೆ ಬರುವವರೆಗೆ ಕಾಂಡೋಮ್ ಬಳಸಬೇಕು. ಸಿ ವಿಷಯದಲ್ಲಿ ದೀರ್ಘಕಾಲದ ದಂಪತಿಗಳ ನಡುವೆ ಆ ಅಪಾಯ ಬಹಳ ಕಡಿಮೆ. ಮನೆಯ ಹೆಣ್ಣುಮಗಳೊಬ್ಬಳು ಬಸುರಿಯಾಗಿದ್ದು, ಅವಳಿಗೇ ಬಿ ಸೋಂಕಿದ್ದರೆ, ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆಯನ್ನೂ ಜೊತೆಗೆ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಬೇಕು. ಲಸಿಕೆಯಿಲ್ಲದವರಿಗೆ ಬಿ ಸೋಂಕಿರುವ ರೋಗಿಯ ಸೂಜಿ ಚುಚ್ಚಿಬಿಟ್ಟರೂ ಇವೆರಡೇ ಮದ್ದು, ಸಾಧ್ಯವಾದಷ್ಟೂ ಮೊದಲ ದಿನವೇ.

ಅಣ್ಣನಿಗೆ ಬಂದಿದ್ದು ಸಿ. 1989ರಲ್ಲಿ ಈ ವೈರಾಣುವನ್ನು ಗುರುತಿಸಿದಾಗ ಇದಕ್ಕೆ ಸರಿಯಾದ ಮದ್ದಿರಲಿಲ್ಲ. ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಚಿಕಿತ್ಸೆಯೇ ಕಾಯಿಲೆಗಿಂತ ಕಠಿಣವಾಗಿತ್ತು. ಈಗ ಸೊಫೊಸ್ಬುವಿರ್ ಮತ್ತು ವೆಲ್‌ಪಟಸ್ವಿರ್ ಸೇರಿದ ಒಂದು ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರ ನುಂಗಿದರೆ ನೂರಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ವೈರಾಣು ಸಂಪೂರ್ಣವಾಗಿ ಹೊರಟುಹೋಗುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಕೊಡಲು ಮೊದಲು ಹಿಂಜರಿಯುತ್ತಿದ್ದ ಈ ಔಷಧಿಯನ್ನು ಈಗ ಅವರಿಗೂ ಕೊಡುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಆದರೂ ತಟ್ಟೆ ಬೇರೆ ಮಾಡಿಸಿದ ಎಷ್ಟೋ ಮನೆಗಳಿಗೆ ಈ ಮಾತ್ರೆಯ ಸುದ್ದಿ ತಲುಪಿಲ್ಲ ಎಂಬುದು ನನಗೆ ಸೋಜಿಗ. ರೋಗಿಯ ರಕ್ತದಲ್ಲಿ ವೈರಾಣುವೇ ಇಲ್ಲದಂತೆ ಮಾಡಿದರೆ ಮನೆಯಲ್ಲಿ ಹರಡುವ ಪ್ರಶ್ನೆಯೇ ಉಳಿಯುವುದಿಲ್ಲ. ಒಂದು ಮಾತು ನೆನಪಿನಲ್ಲಿರಲಿ: ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಎಂದೇ ಬರುತ್ತಿರುತ್ತದೆ. ಅದನ್ನು ನೋಡಿ ಮತ್ತೆ ಸೋಂಕಿನವರೆಂದು ದೂರವಿಡಬಾರದು. ಮಾತ್ರೆ ಮುಗಿದು 12 ವಾರಗಳ ನಂತರ ಮಾಡುವ ಆರ್‌ಎನ್‌ಎ ಪರೀಕ್ಷೆಯೇ ಪ್ರಮಾಣ. ಬಿ ಸೋಂಕನ್ನು ಹೀಗೆ ಬೇರುಸಹಿತ ಕಿತ್ತುಹಾಕುವ ಮದ್ದಿಲ್ಲ, ಆದರೆ ಎಂಟೆಕಾವಿರ್, ಟೆನೊಫೊವಿರ್‌ನಂಥ ಮಾತ್ರೆಗಳು ವೈರಾಣುವಿನ ಸಂಖ್ಯೆಯನ್ನು ತಗ್ಗಿಸಿಡುತ್ತವೆ.

ಕಾಮಾಲೆ ಎಂದ ಕೂಡಲೇ ನಮ್ಮವರ ಬಾಯಿಗೆ ಬರುವ ಮದ್ದುಗಳ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಕಬ್ಬಿನ ಹಾಲು, ಎಳನೀರು, ನೆಲನೆಲ್ಲಿಯ ರಸ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಸುವ ಹೆಸರಿಲ್ಲದ ಸೊಪ್ಪಿನ ಕಷಾಯ, ಇವೆಲ್ಲ ಅಣ್ಣನ ಮನೆಗೂ ಬಂದವು. ಮೂತ್ರವೇ ಹೋಗದ ಡಯಾಲಿಸಿಸ್ ರೋಗಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿಯಿರುತ್ತದೆ. ಎಳನೀರಿನಲ್ಲಿಯೂ ಹಣ್ಣಿನ ರಸಗಳಲ್ಲಿಯೂ ಇರುವ ಪೊಟ್ಯಾಸಿಯಂ ಅವರ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ವರ್ಷಾನುಗಟ್ಟಲೆ ಮೆಲ್ಲಗೆ ಕೆಲಸ ಮಾಡುವ ಹೆಪಟೈಟಿಸ್‌ಗಿಂತ ಈ ಲೋಟದ ಅಪಾಯ ಹತ್ತಿರದ್ದು. ಪ್ರೀತಿಯಿಂದ ತಂದವರಿಗೆ ಬೇಡವೆನ್ನುವುದು ಕಷ್ಟವೆಂದು ಬಲ್ಲೆ. ಅತ್ತಿಗೆ ಮಾತ್ರ ‘ಡಾಕ್ಟ್ರು ಬೇಡ ಅಂದಿದ್ದಾರೆ, ನೀವೇ ಕುಡೀರಿ’ ಎಂದು ತಂದವರ ಕೈಗೇ ಕೊಟ್ಟು ಕಳಿಸುತ್ತಿದ್ದರು.

ಮನೆಯವರ ಪರೀಕ್ಷೆ ಮತ್ತು ಲಸಿಕೆಗೆ ಇನ್ನೊಂದು ಕಾರಣವೂ ಇದೆ. ನಮ್ಮ ದೇಶದಲ್ಲಿ ಕಿಡ್ನಿ ಕಸಿಗೆ ದಾನಿಗಳಾಗುವವರು ಬಹುಪಾಲು ಮನೆಯವರೇ, ಅವರಲ್ಲೂ ಹೆಚ್ಚಿನವರು ತಾಯಂದಿರು, ಹೆಂಡತಿಯರು. ದಾನಿಗೆ ಮಾಡುವ ಮೊದಮೊದಲ ಪರೀಕ್ಷೆಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಇರುತ್ತವೆ. ರೋಗಿಯ ಸೋಂಕು ಅವರಿಗೆ ದಾಟಿದ್ದರೆ ಆ ಕುಟುಂಬ ತನ್ನ ದಾನಿಯನ್ನೇ ಕಳೆದುಕೊಳ್ಳುವ ಸಂಭವವಿದೆ. ಹೆಪಟೈಟಿಸ್ ಬಿ ಲಸಿಕೆ ರೋಗಿಗೂ ಬೇಕು, ಆದರೆ ಡಯಾಲಿಸಿಸ್ ಶುರುವಾದ ಮೇಲೆ ಅದು ಹಿಡಿಯುವುದು ಕಷ್ಟ: ದುಪ್ಪಟ್ಟು ಪ್ರಮಾಣದಲ್ಲಿ, ಅಂದರೆ 40 ಮೈಕ್ರೊಗ್ರಾಮಿನಂತೆ, ನಾಲ್ಕು ಸಲ ಕೊಟ್ಟರೂ ಎಷ್ಟೋ ಜನರಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಆದ್ದರಿಂದ ಕಿಡ್ನಿ ಕುಗ್ಗಿದಂತೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರುತ್ತಿದೆ, ಮುಂದೊಂದು ದಿನ ಡಯಾಲಿಸಿಸ್ ಬೇಕಾಗಬಹುದು ಎಂದು ವೈದ್ಯರು ಸೂಚನೆ ಕೊಟ್ಟಾಗಲೇ ರೋಗಿಗೂ ಮನೆಯವರಿಗೂ ಒಟ್ಟಿಗೆ ಲಸಿಕೆ ಶುರುಮಾಡುವುದು ಸೂಕ್ತ. ಕೊನೆಯ ಚುಚ್ಚುಮದ್ದಾಗಿ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ ನೋಡಿಸಬೇಕು. ಅದು 10 mIU/mLಗಿಂತ ಕಡಿಮೆ ಇದ್ದರೆ ಮತ್ತೊಂದು ಸುತ್ತು ಲಸಿಕೆ ಕೊಡುತ್ತಾರೆ. ಡಯಾಲಿಸಿಸ್‌ನಲ್ಲಿರುವವರಿಗೆ ಈ ಪರೀಕ್ಷೆ ಪ್ರತಿ ವರ್ಷವೂ ಆಗಬೇಕು, ಮಟ್ಟ ಇಳಿದಿದ್ದರೆ ಬೂಸ್ಟರ್ ಹಾಕಿಸಬೇಕು.